ಡೊಂಕು ಸೂಜಿ

ಟಿಕೇಟು ಐವತ್ತು, ಹಿರಿಯರಿಗೆ ಇಪ್ಪತ್ತು.
ಪುರಾವೆಗೆ ನನ್ನ ಗಡ್ಡವೇ ಸಾಕಾಯಿತು.

ಬಿಜೈ ಮ್ಯೂಸಿಯಮ್ಮಿನ ಅಂಗಳದಲ್ಲಿ ಶಾಮಿಯಾನ,
ಗಾಳಿಗಿಂತ ಸದ್ದೇ ಜಾಸ್ತಿ ಕೊಡುವ ಫ್ಯಾನು,
ಕೆಂಪು ಹಗ್ಗದಾಚೆ ಹದಿನಾಲ್ಕು ಹಳೆ ಕಾರು
ಮದುವೆಗೆ ಬಂದೂ ಊಟಕ್ಕೆ ಏಳದೆ ಕೂತ
ದೂರದ ನೆಂಟರ ಹಾಗೆ.

ಒಂದು ಎಂಜಿನ್ನನ್ನು ಬಂಗುಡೆ ಸೀಳಿದಂತೆ
ಉದ್ದಕ್ಕೆ ಸೀಳಿಟ್ಟಿದ್ದಾರೆ, ಚೊಕ್ಕ.
ಪಿಸ್ಟನ್ನಿಗೆ ಹಳದಿ, ವಾಲ್ವಿಗೆ ನೀಲಿ.
ಸ್ವಿಚ್ಚೊತ್ತಿದರೆ ಎಲ್ಲ ಮೆಲ್ಲ ಏಳುತ್ತದೆ, ಇಳಿಯುತ್ತದೆ.
ಮಕ್ಕಳು ಒತ್ತುತ್ತಲೇ ಇದ್ದರು.
ನಾನೂ ಒತ್ತಿದೆ, ಎರಡು ಸಲ.

ಗೋಡೆಯಲ್ಲೊಂದು ನಕ್ಷೆ:
ಬಾನೆಟ್ಟಿನಲ್ಲಿ ಹೊರಟ ಒಂದೇ ಗೆರೆ
ಬಾಗಿಲ ಮೇಲೆ ಹಾಯ್ದು ಹಿಂದಿನ ಚಕ್ರದ ಬಳಿ
ಉಸಿರು ಬಿಟ್ಟ ಹಾಗೆ ಮುಗಿಯುತ್ತದೆ.
ಎಳೆದವನ ಹೆಸರಿದೆ, ಫೋಟೋ ಇದೆ,
ಅವನ ಪೆನ್ಸಿಲೂ ಇದೆ ಗಾಜಿನ ಪೆಟ್ಟಿಗೆಯಲ್ಲಿ.
ಒಪ್ಪಿದೆ. ಒಳ್ಳೆ ಕೈ.

ನಾನು ನೋಡುವುದು ಮಾತ್ರ ಸೀಟು.
ಬಂದರಿನ ಕಂದಕದಲ್ಲಿ ಐವತ್ತೆರಡು ವರ್ಷ
ಊರು ಕೂತುಕೊಳ್ಳುವ ಜಾಗವನ್ನೇ ಹೊಲಿದವನು.
ಸೀಟಿನ ಗುಳಿ ನೋಡಿಯೇ ಹೇಳುತ್ತಿದ್ದೆ
ಯಾರಿಗೆ ಸೊಂಟನೋವು,
ಯಾವ ಸಾಹುಕಾರ ದಪ್ಪ ಪರ್ಸಿನ ಮೇಲೆ ವಾಲುತ್ತಾನೆ,
ಯಾವ ಮನೆಯ ಹೆಂಡತಿ
ಈಚೆಗೆ ಹಿಂದಿನ ಸೀಟಿಗೆ ಹೋಗಿದ್ದಾಳೆ.

ಆರನೆಯದು ಮೋರಿಸ್ ಮೈನರ್, ಕೆನೆ ಬಣ್ಣ.
ಮೊಮ್ಮಗಳು ರೈಹಾನ ಫಲಕ ಓದಿದಳು:
ಪ್ರಸೂತಿ ವೈದ್ಯೆ ಹಿಲ್ಡಾ ಮಸ್ಕರೇನ್ಹಸ್ ಅವರ ಕಾರು...
ಮುಂದೆ ಓದುವುದು ಬೇಡ ಮಾರಾಯ್ತಿ, ನನಗೆ ಗೊತ್ತುಂಟು.

ಎಪ್ಪತ್ತೊಂದರ ಆಟಿ.
ಕೂಳೂರಿನ ಹತ್ತಿರ ರಸ್ತೆಗೆ ಹೊಳೆ ಬಂದ ರಾತ್ರಿ
ಹಿಂದಿನ ಸೀಟಿನಲ್ಲೇ ಒಂದು ಹೆಣ್ಣು ಮಗು ಹುಟ್ಟಿತು.
ವಾರ ಕಳೆದು ಡಾಕ್ಟರಮ್ಮ ಅಂಗಡಿಗೆ ಬಂದರು:
'ಉಮರಬ್ಬಾ, ತೊಳೆದದ್ದಾಯಿತು.
ಒಣಗಿಸುವ ಅಂದರೆ ಬಿಸಿಲೇ ಇಲ್ಲ.'
ಬಿಚ್ಚಿದೆ. ಒಳಗೆ ಇಂಗ್ಲೆಂಡಿನ ಕುದುರೆ ಕೂದಲು,
ಅದಕ್ಕೆ ನಮ್ಮೂರಿನ ಬೂಸ್ಟು.
ಉಳ್ಳಾಲದ ನಾರು ತರಿಸಿ, ಉಪ್ಪು ಹೋಗಲೆಂದು
ಮೂರು ನೀರಲ್ಲಿ ತೊಳೆದು, ಬಡಿದು, ತುಂಬಿದೆ.
ಸಿಕ್ಕಿದ್ದು ಹಸಿರು ರೆಕ್ಸಿನ್ ಮಾತ್ರ.
ಕೆನೆ ಕಾರಿಗೆ ಗಿಳಿ ಹಸಿರು ಸೀಟು!
ಡಾಕ್ಟರಮ್ಮ ನಕ್ಕರು, ದುಡ್ಡು ಕೊಟ್ಟರು.

ಒಂದು ಡೊಂಕು ಸೂಜಿ ಒಳಗೇ ಉಳಿಯಿತು.
ಅದನ್ನು ಹೇಳಲಿಲ್ಲ.
ಆಮೇಲೆ ಆ ಸೀಟಿನಲ್ಲಿ ಎಷ್ಟು ತುಂಬು ಬಸುರಿಯರು ಹೋದರೋ,
ಒಬ್ಬೊಬ್ಬರಿಗೂ ನಾನು ಹೆದರಿದ್ದೇನೆ.

ಈಗ ಇರುವುದು ಮರೂನ್ ಚರ್ಮ.
ಫಲಕದ ಕೊನೆಯ ಸಾಲು:
'ಒಳಾಂಗಣವನ್ನು ಮೂಲ ಸ್ಥಿತಿಗೆ ತರಲಾಗಿದೆ.'

ಹೊಲಿಗೆ ಚೆನ್ನಾಗಿದೆ, ಸುಳ್ಳು ಹೇಳಬಾರದು.
ಮೂಲೆಯಲ್ಲಿ ಮಡಚಬೇಕಾದಲ್ಲಿ ಕತ್ತರಿಸಿದ್ದಾರೆ,
ಇರಲಿ, ಯಾರೂ ಕೂರುವುದಿಲ್ಲವಲ್ಲ.
ಆದರೆ ಮೂಲ ಅಂದರೆ ಯಾವುದು?
ಹಡಗಿನಿಂದ ಇಳಿದ ದಿನವೋ,
ಲಾಟೀನು ಹಿಡಿದು ಡ್ರೈವರ್ ಹೊರಗೆ
ಬೆನ್ನು ತಿರುಗಿಸಿ ನೆನೆದು ನಿಂತ ರಾತ್ರಿಯೋ?
ಆ ಹೆಣ್ಣಿಗೂ ಈಗ ಮೊಮ್ಮಕ್ಕಳಿರಬಹುದು.
ಅವಳನ್ನೂ ತರುತ್ತಾರೋ ಮೂಲ ಸ್ಥಿತಿಗೆ?

ಬಿಚ್ಚಿದ್ದನ್ನು ಎಲ್ಲಿ ಎಸೆದರೋ.
ನಾರು ಮಣ್ಣಾಗುತ್ತದೆ. ರೆಕ್ಸಿನ್ ಆಗುವುದಿಲ್ಲ.
ಸೂಜಿಯನ್ನು, ಈ ಊರಿನ ಗಾಳಿ, ತಿಂದು ಮುಗಿಸಿರುತ್ತದೆ.

ಆದರೂ ಹಗ್ಗದ ಮೇಲೆ ಬಗ್ಗಿದೆ.
ಕಾವಲಿನ ಹುಡುಗಿ ಓಡಿ ಬಂದಳು,
ಎದೆಯ ಪಟ್ಟಿಯಲ್ಲಿ ಸುಗಂಧಿ ಎಂದು ಹೆಸರು.
ಬೆಳಗ್ಗಿನಿಂದ ನಿಂತೇ ಇದ್ದಾಳೆ,
ಅಷ್ಟು ಸೀಟುಗಳ ನಡುವೆ ಅವಳಿಗೊಂದು ಸ್ಟೂಲಿಲ್ಲ.
'ಎಂತ ಅಜ್ಜ, ಎಂತ ಹುಡುಕುವುದು?'
ಬಾಯಿ ತಪ್ಪಿ ಬಂತು: 'ಸೂಜಿ.'

ಅವಳು ಎಂತದೂ ಕೇಳಲಿಲ್ಲ.
ಮೊಬೈಲಿನ ಟಾರ್ಚು ಹಾಕಿ, ಮೊಣಕಾಲೂರಿ,
ಕಾರಿನ ಅಡಿಗೆ ಕೈ ಹಾಕಿ
ಹುಡುಕತೊಡಗಿದಳು.